ಗೋವಾ ಐರನ್‌ಮ್ಯಾನ್ 70.3 ರೇಸಿಗೆ ಮನೆಯವರನ್ನೂ ಕರೆದುಕೊಂಡು ಹೋಗುತ್ತಿದ್ದೇನೆ, ಉಳಿಯುವುದು ಎಲ್ಲಿ?

ಇಂದ್ರಾಳಿ ಸೈಕಲ್

ಎಲ್ಲರಿಗೂ ನಮಸ್ಕಾರ. ಪಣಜಿಯಲ್ಲಿ ನಡೆಯುವ ಐರನ್‌ಮ್ಯಾನ್ 70.3ಗೆ ಈ ಸಲ ಹೆಸರು ಕೊಟ್ಟಿದ್ದೇನೆ. ಮೊದಲನೇ ಸಲ. 1.9 ಕಿ.ಮೀ. ಈಜು, 90 ಕಿ.ಮೀ. ಸೈಕಲ್, 21.1 ಕಿ.ಮೀ. ಓಟ, ಮೂರೂ ಒಂದೇ ದಿನ, ಒಂದರ ಹಿಂದೆ ಒಂದು, ಒಟ್ಟು 70.3 ಮೈಲಿ. ತಯಾರಿ ಬಗ್ಗೆ ಕೇಳುತ್ತಿಲ್ಲ. ಅದು ಅಜ್ಜರಕಾಡಿನ ಕೊಳದಲ್ಲಿ, ಮಲ್ಪೆಯಲ್ಲಿ, ಹೈವೇಯಲ್ಲಿ ನಡೆಯುತ್ತಿದೆ. ನನ್ನ ತಲೆಬಿಸಿ ಬೇರೆ.

ಮನೆಯಿಂದ ಐದು ಜನ ಹೊರಟಿದ್ದೇವೆ. ನಾನು, ಹೆಂಡತಿ, 9 ವರ್ಷದ ಮಗಳು, 4 ವರ್ಷದ ಮಗ, ಮತ್ತೆ ಅತ್ತೆ. ರೇಸ್ ನನ್ನೊಬ್ಬನದು. ಉಳಿದವರಿಗೆ ಇದು ವರ್ಷದ ಒಂದೇ ರಜೆ. ಹೆಂಡತಿ ಬ್ಯಾಂಕಿನಲ್ಲಿದ್ದಾಳೆ, ಶನಿವಾರ ಭಾನುವಾರಕ್ಕೆ ಸೇರಿಸಿ ಮೂರು ದಿನ ರಜೆ ಸಿಗುವುದೇ ಅವಳಿಗೆ ದೊಡ್ಡ ಸಂಗತಿ. ಕಳೆದ 7 ತಿಂಗಳಿಂದ ಭಾನುವಾರ ಬೆಳಿಗ್ಗೆ ನಾನು ಮನೆಯಲ್ಲೇ ಇಲ್ಲ, ಮರವಂತೆ ತನಕ ಸೈಕಲ್ ಹೊಡೆದು ಮನೆಗೆ ಬರುವಾಗ 11 ಗಂಟೆ ದಾಟಿರುತ್ತದೆ, ಬಂದ ಮೇಲೆ ಊಟ ಮಾಡಿ ಮಲಗಿದರೆ ಆ ದಿನ ಮುಗಿಯಿತು. ಅವಳು ಒಂದು ದಿನವೂ ಬೇಡ ಎಂದಿಲ್ಲ. ಹಾಗಾಗಿ ಈ ರಜೆಯನ್ನೂ ನಾನೇ ತಿಂದುಹಾಕಬಾರದು ಅಂತ ಮನಸ್ಸಿನಲ್ಲಿದೆ.

ನೋಡಿದ್ದು ಮೂರು ಜಾಗ. ಒಂದು, ರೇಸ್ ಶುರುವಾಗುವ ಮಿರಾಮಾರ್ ಬೀಚಿನ ಎದುರೇ ಇರುವ ಹೋಟೆಲ್, ಒಂದು ರೂಮ್, ಹೆಚ್ಚಿಗೆ ಹಾಸಿಗೆ ಹಾಕಿಕೊಡುತ್ತಾರಂತೆ. ಎರಡನೆಯದು ಕ್ಯಾಂಡೋಲಿಮ್ ಕಡೆ ಈಜುಕೊಳ ಇರುವ ರೆಸಾರ್ಟ್, ಮಕ್ಕಳಿಗೆ ಅದೇ ಬೇಕು. ಮೂರನೆಯದು ಪಣಜಿ ಪೇಟೆಯ ಒಳಗೆ ಎರಡು ಬೆಡ್‌ರೂಮಿನ ಫ್ಲ್ಯಾಟ್. ಅತ್ತೆಗೆ ಈಜುಕೊಳವೂ ಬೇಡ, ಬೀಚೂ ಬೇಡ, ಮಂಗೇಶಿಗೆ ಹೋಗಬೇಕು. ಅವರ ತವರಿನ ಕುಲದೇವರು.

ಹೋಗಿ ಬಂದವರು ಹೇಳಿ.

ಸುರತ್ಕಲ್ ಅಣ್ಣ

ಕ್ಯಾಂಡೋಲಿಮ್ ಬೇಡ ಮಾರಾಯ್ರೆ. 2022ರಲ್ಲಿ ನಾನು ಆ ಕಡೆಯೇ ಉಳಿದಿದ್ದೆ. ಮಾಂಡೋವಿ ಸೇತುವೆ ದಾಟಿ ಬರಬೇಕು, ಮಿರಾಮಾರ್‌ಗೆ ಸುಮಾರು 15 ಕಿ.ಮೀ. ಹಗಲಿಗೆ ಅದು ಏನೂ ಅಲ್ಲ. ಬೆಳಗಿನ ಜಾವ 4 ಗಂಟೆಗೆ ದೊಡ್ಡದೇ. ಗೋವಾದಲ್ಲಿ ಊಬರ್, ಓಲಾ ಇಲ್ಲ. ಹಿಂದಿನ ರಾತ್ರಿ ಹೇಳಿಟ್ಟ ಟ್ಯಾಕ್ಸಿಯವರು ಬರಲಿಲ್ಲ, ಫೋನೂ ಎತ್ತಲಿಲ್ಲ. ಗೇಟಿನ ಹತ್ತಿರ ಚೀಲ ಹಿಡಿದು ನಿಂತ ಆ 25 ನಿಮಿಷದಲ್ಲಿ ಬೆವರಿದಷ್ಟು ರೇಸಿನಲ್ಲೂ ಬೆವರಲಿಲ್ಲ. ಕೊನೆಗೆ ರೆಸಾರ್ಟಿನ ವಾಚ್‌ಮ್ಯಾನ್ ತನ್ನ ಸ್ಕೂಟರಿನಲ್ಲಿ ಬಿಟ್ಟುಬಂದರು. ಅವರನ್ನು ಇವತ್ತಿಗೂ ನೆನೆಸುತ್ತೇನೆ.

ಮಿರಾಮಾರ್ ಎದುರಿನ ಹೋಟೆಲ್ಲೇ ಮಾಡಿ. ನಡೆದು ಹೋಗುವಷ್ಟು ಹತ್ತಿರ ಇದ್ದರೆ ಅರ್ಧ ಭಾರ ಇಳಿದ ಹಾಗೆ.

ಕದ್ರಿಯಿಂದ

ನಾನು ರೇಸ್ ಓಡುವವಳಲ್ಲ. ಓಡುವವರ ಹೆಂಡತಿ. ಎರಡು ಸಲ ಪಣಜಿಗೆ ಹೋಗಿದ್ದೇನೆ, ಎರಡು ಸಲವೂ ಮಕ್ಕಳ ಜೊತೆ. ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ, ದಯವಿಟ್ಟು ಪೂರ್ತಿ ಓದಿ.

ಮೊದಲನೇ ಸಲ ರೂಮ್ ಹುಡುಕಿದ್ದು ನಮ್ಮ ಮನೆಯವರು. ಬೀಚಿಗೆ 400 ಮೀಟರ್, ಸೈಕಲ್ ಇಡುವ ಜಾಗಕ್ಕೆ 5 ನಿಮಿಷ. ಅವರಿಗೆ ಅದಕ್ಕಿಂತ ಒಳ್ಳೆಯ ಜಾಗ ಇರಲಿಲ್ಲ. ಒಂದೇ ರೂಮ್. ಬೆಳಿಗ್ಗೆ 3:15ಕ್ಕೆ ಅಲಾರಂ. ಲೈಟ್ ಹಾಕುವುದು ಬೇಡ ಅಂತ ಪಾಪ ಬಾತ್‌ರೂಮಿನೊಳಗೆ ಕುಳಿತು, ಮೊಬೈಲಿನ ಬೆಳಕಿನಲ್ಲಿ ಕುತ್ತಿಗೆಗೆ, ಕಂಕುಳಿಗೆ ವ್ಯಾಸಲೀನ್ ಹಚ್ಚಿಕೊಳ್ಳುತ್ತಿದ್ದರು. ಅಷ್ಟು ಮೆಲ್ಲಗೆ. ಆಮೇಲೆ ಬಾಳೆಹಣ್ಣು ಇಟ್ಟ ಪ್ಲಾಸ್ಟಿಕ್ ಚೀಲ ಬಿಡಿಸಿದರು. ಆ ಚರಚರ ಸದ್ದು ಒಂದೇ ಸಾಕಾಯಿತು, ಒಂದೂವರೆ ವರ್ಷದ ಚಿಕ್ಕವನು ಎದ್ದು ಕುಳಿತ. ಅವರು 4 ಗಂಟೆಗೆ ಹೋದರು. ನಾನು ಆ ಹೊತ್ತಿನಿಂದ ಎದ್ದೇ ಇದ್ದೆ.

ಹಾಲು ಬಿಸಿ ಮಾಡಲು ಒಲೆ ಇಲ್ಲ. ಹೋಟೆಲಿನ ತಿಂಡಿ 8 ಗಂಟೆಗೆ. ಹೊರಗೆ ಹೋಗೋಣ ಅಂದರೆ ರೇಸಿಗೆ ರಸ್ತೆ ಬಂದ್, ನಮ್ಮ ಕಾರು ಹೋಟೆಲಿನ ಕೆಳಗೆ, ಮಧ್ಯಾಹ್ನದವರೆಗೆ ಹೊರಗೆ ತೆಗೆಯುವ ಹಾಗಿಲ್ಲ. ಎದುರು ಬೀಚಿದೆ, ಆದರೆ ಎರಡು ಮಕ್ಕಳನ್ನು ಒಬ್ಬಳೇ ನೀರಿನ ಹತ್ತಿರ ಹೇಗೆ ಬಿಡಲಿ? ಹತ್ತಿರ ಇರುವುದು ಅವರಿಗೆ ಅನುಕೂಲವಾಯಿತು, ನಮಗೆ ಅದೇ ಜೈಲಿನ ಹಾಗೆ ಆಯಿತು. ಭಾನುವಾರ 11 ಗಂಟೆಗೆ ರೂಮ್ ಬಿಡಬೇಕು ಅಂತ ಬೇರೆ ಇತ್ತು, ಅದನ್ನು ಬುಕ್ ಮಾಡುವಾಗ ಇಬ್ಬರೂ ಯೋಚಿಸಿರಲಿಲ್ಲ. ಅವರು ಇನ್ನೂ ಸೈಕಲ್ ಮೇಲಿದ್ದಾಗ ನಾನು ಚೀಲಗಳನ್ನೆಲ್ಲ ಲಾಬಿಗೆ ಇಳಿಸಿ ಮಕ್ಕಳನ್ನು ಅಲ್ಲೇ ಸೋಫಾದಲ್ಲಿ ಮಲಗಿಸಿದೆ. ಇಡೀ ದಿನದಲ್ಲಿ ಅವರನ್ನು ಕಂಡದ್ದು ಹೆಚ್ಚೆಂದರೆ ಒಂದು ನಿಮಿಷ.

ಸಿಟ್ಟು ಅವರ ಮೇಲಲ್ಲ. ಇಬ್ಬರೂ ನಕ್ಷೆ ನೋಡಿದ್ದೆವು, ಗಡಿಯಾರ ನೋಡಿರಲಿಲ್ಲ.

ಎರಡನೇ ಸಲ ನಾನೇ ಹುಡುಕಿದೆ. ನನಗೆ ನಾನೇ ಕೇಳಿಕೊಂಡದ್ದು ಒಂದೇ ಪ್ರಶ್ನೆ. ಭಾನುವಾರ ಬೆಳಿಗ್ಗೆ 4ರಿಂದ ಸಂಜೆ 4ರವರೆಗೆ ಆ ಮನೆಯಲ್ಲಿ ಇರುವವರು ಯಾರು? ಓಡುವವರಂತೂ ಅಲ್ಲ. ಹಾಗಾದರೆ ಅಲ್ಲಿರುವವರಿಗೆ ಏನೇನು ಬೇಕೋ ಅದನ್ನು ಮೊದಲು ನೋಡಬೇಕು, ಅಲ್ವಾ? ಬಾಗಿಲು ಹಾಕಿಕೊಳ್ಳುವ ಎರಡು ಬೇರೆ ಕೋಣೆ. ಒಲೆ, ಫ್ರಿಜ್. ಬಟ್ಟೆ ಒಗೆಯುವ ಮೆಷಿನ್, ಸಮುದ್ರದ ಉಪ್ಪು ಹಿಡಿದ ಬಟ್ಟೆ ಮರುದಿನಕ್ಕೆ ಇಟ್ಟರೆ ಏನು ವಾಸನೆ ಅಂತ ನಮಗೆ ಗೊತ್ತಲ್ಲ. ರೇಸಿನ ದಾರಿಯ ಮೇಲೆ ಅಲ್ಲ, ಎರಡು ಓಣಿ ಒಳಗೆ. ಬೀಚಿನಿಂದ ಒಂದೂವರೆ ಕಿ.ಮೀ. ದೂರದ ಒಂದು ಫ್ಲ್ಯಾಟ್ ಸಿಕ್ಕಿತು, ಸೋಮವಾರ ಬೆಳಿಗ್ಗೆವರೆಗೆ ತೆಗೆದುಕೊಂಡೆವು. ಇವರು ಒಂದೂವರೆ ಕಿ.ಮೀ. ಆರಾಮಾಗಿ ನಡೆದು ಹೋದರು, ಮೈ ಬಿಸಿ ಆಯಿತು ಅಂದರು. ಮಕ್ಕಳು ಏಳೂವರೆಗೆ ಎದ್ದರು. ಮನೆಯಿಂದ ತಂದ ಕುಚ್ಚಲಕ್ಕಿ ಗಂಜಿ ಮಾಡಿ, ಉಪ್ಪಿನಕಾಯಿ ಹಾಕಿಕೊಂಡು ಬಾಲ್ಕನಿಯಲ್ಲಿ ಕುಳಿತು ಉಂಡೆವು. ಇಡೀ ಪ್ರವಾಸದಲ್ಲಿ ನನಗೆ ಹೆಚ್ಚು ನೆನಪಿರುವುದು ಅದೇ ಊಟ.

ಇನ್ನೊಂದು ಮಾತು. ಈಜು ನೋಡಲು ಮಕ್ಕಳನ್ನು ಎಬ್ಬಿಸಿಕೊಂಡು ಹೋಗಬೇಡಿ. ಕತ್ತಲೆ, ಜನ, ಎಲ್ಲರದೂ ಒಂದೇ ಥರದ ಟೊಪ್ಪಿ, ಯಾರು ಯಾರು ಅಂತಲೇ ಗೊತ್ತಾಗುವುದಿಲ್ಲ. ಸೈಕಲ್ ಸರ್ ಅಂತ ಹೋಗಿಬಿಡುತ್ತದೆ. ನೋಡಬೇಕಾದ್ದು ಓಟ. ಅದೇ ರಸ್ತೆಯಲ್ಲಿ ಸುತ್ತು ಹೊಡೆಯುತ್ತಾರೆ, ಒಂದು ಮರದ ಕೆಳಗೆ ಚಾಪೆ ಹಾಸಿ ಕುಳಿತರೆ ಮತ್ತೆ ಮತ್ತೆ ಕಾಣುತ್ತಾರೆ. ಅವರಿಗೂ ಮನೆಯವರ ಮುಖ ಬೇಕಾಗುವುದು ಆ ಬಿಸಿಲಿನಲ್ಲೇ. ಆದರೆ ನೀರು, ಬಾಳೆಹಣ್ಣು ಅಂತ ಏನೂ ಕೈಗೆ ಕೊಡಬೇಡಿ, ಹೊರಗಿನವರು ಸಹಾಯ ಮಾಡಬಾರದು ಅಂತ ನಿಯಮ ಇದೆ. ನಮ್ಮ ದೊಡ್ಡವಳು ಪ್ರತಿ ಸುತ್ತಿಗೂ ಅಪ್ಪನ ಕೈಗೆ ಕೈ ತಟ್ಟಿದಳು. ಅಷ್ಟು ಸಾಕಾಯಿತು.

ಇಂದ್ರಾಳಿ ಸೈಕಲ್

ಅಕ್ಕ, ಇದನ್ನು ನನ್ನ ಹೆಂಡತಿಗೆ ಓದಿ ಹೇಳಿದೆ. ಅವಳು ಒಂದೇ ಮಾತು ಕೇಳಿದಳು, "ಭಾನುವಾರ 11 ಗಂಟೆಗೆ ನಮ್ಮ ಚೀಲ ಎಲ್ಲಿರುತ್ತದೆ?" ನಾನು ನೋಡಿದ ಹೋಟೆಲಿನಲ್ಲೂ ಶುಕ್ರವಾರ, ಶನಿವಾರ ಎರಡೇ ರಾತ್ರಿ ಹಾಕಿದ್ದೆ.

ಕಾಪು ಲೈಟ್‌ಹೌಸ್

ಭಾನುವಾರ ರಾತ್ರಿಗೂ ರೂಮ್ ಇರಲೇಬೇಕು. ಇದು ನನ್ನ ಕಣ್ಣಾರೆ ಕಂಡದ್ದು, ಕಣ್ಣಾರೆ ಏನು, ಕಾಲಾರೆ. ರೇಸ್ ಮುಗಿಸಿ ಅದೇ ಸಂಜೆ ಕಾರು ತೆಗೆದೆ. ಮರುದಿನ ಆಫೀಸು. ಹೈವೇ 66 ಖಾಲಿ ಇದೆ, ಆರಾಮಾಗಿ ಹೋಗಬಹುದು ಅಂದುಕೊಂಡೆ. ಕುಮಟಾ ದಾಟುವಾಗ ಬಲಗಾಲಿನ ಮೀನಖಂಡ ಹಿಡಿದುಕೊಂಡಿತು. ಬ್ರೇಕ್ ಒತ್ತಲು ಆಗುತ್ತಿಲ್ಲ, ಹಿಂದಿನ ಸೀಟಿನಲ್ಲಿ ಮಗಳು ನಿದ್ದೆ. ಹೇಗೋ ಬದಿಗೆ ತಂದೆ. ಅಲ್ಲಿಂದ ಮುಂದೆ ಹೆಂಡತಿ ಓಡಿಸಿದಳು, ರಾತ್ರಿ, ಮೊದಲ ಸಲ ಹೈವೇಯಲ್ಲಿ. ದೇವರು ದೊಡ್ಡವನು. ಯಾರೂ ಹಾಗೆ ಮಾಡಬೇಡಿ.

ಎರಡನೇ ವಿಷಯ, ಎಷ್ಟು ಹೊತ್ತು ಕಾಯಬೇಕು ಅಂತ ಮನೆಯವರಿಗೆ ಮೊದಲೇ ಹೇಳಿ. ಕಟ್-ಆಫ್, ಅಂದರೆ ರೇಸ್ ಮುಗಿಸಲು ಇರುವ ಗರಿಷ್ಠ ಸಮಯ, 8 ಗಂಟೆ 30 ನಿಮಿಷ. 2024ರಲ್ಲಿ ಬೆಂಗಳೂರು ದಕ್ಷಿಣದ ಸಂಸದ ತೇಜಸ್ವಿ ಸೂರ್ಯ ಅವರು ಮುಗಿಸಿದ್ದು 8 ಗಂಟೆ 27 ನಿಮಿಷಕ್ಕೆ. ಕೊನೆಯ ನಿಮಿಷದವರೆಗೆ ಹೋರಾಡಿದ್ದು ದೊಡ್ಡದೇ. ಹಾಗಾದರೆ ಮನೆಯವರು ಎಷ್ಟು ಹೊತ್ತು ಕಾದಿರಬೇಕು ಲೆಕ್ಕ ಹಾಕಿ. ಮೊದಲನೇ ಸಲ ಓಡುವವರು ಏಳು ಗಂಟೆಯಲ್ಲಿ ಬಂದುಬಿಡುತ್ತೇನೆ ಅಂತ ಹೇಳಬಾರದು. ಎಂಟೂವರೆ ಅಂತಲೇ ಹೇಳಿ. ಬೇಗ ಬಂದರೆ ಖುಷಿಯೇ.

ಎಮ್ಮೆಕೆರೆ ಲೇನ್ 4

ನನ್ನದು ಉಲ್ಟಾ ಕಥೆ. ಓಡುವವಳು ನಾನು, ನೋಡುವವರು ಗಂಡ ಮತ್ತು ಮಗ. ಕದ್ರಿ ಅಕ್ಕ ಹೇಳಿದ್ದೆಲ್ಲ ಸರಿ, ಆದರೆ ಓಡುವವರ ಕಡೆಯಿಂದ ಒಂದು ಸೇರಿಸುತ್ತೇನೆ. ಹಿಂದಿನ ಎರಡು ದಿನ ಓಡುವವರಿಗೆ ಮನೆಯಲ್ಲಿ ಇದ್ದೂ ಇಲ್ಲದ ಹಾಗೆ ಇರಬೇಕಾಗುತ್ತದೆ. ಶುಕ್ರವಾರ ಕಿಟ್ ತೆಗೆದುಕೊಳ್ಳಲು ನಾವೇ ಹೋಗಬೇಕು, ಗುರುತಿನ ಚೀಟಿ ತೋರಿಸಬೇಕು. ಶನಿವಾರ ಸೈಕಲ್ ಕೊಂಡುಹೋಗಿ ಒಪ್ಪಿಸಬೇಕು, ಅದು ರಾತ್ರಿ ಅಲ್ಲೇ ಇರುತ್ತದೆ. ನಡುವೆ ಕಾಲಿಗೆ ವಿಶ್ರಾಂತಿ ಬೇಕು. ಆಗ ಮಗ ಬಂದು ಅಮ್ಮ ಬೀಚಿಗೆ ಹೋಗೋಣ ಅಂದರೆ? ನಾನು ಹೋದೆ. ಎರಡು ಗಂಟೆ ಬಿಸಿಲಿನಲ್ಲಿ ಮರಳಿನ ಮೇಲೆ ನಿಂತೆ, ಮರುದಿನ ಓಟದ 9ನೇ ಕಿ.ಮೀ.ಯಲ್ಲಿ ಅದರ ಫಲ ಉಂಡೆ. ಮಗನ ಮೇಲೆ ಬೇಸರ ಇಲ್ಲ. ಮೊದಲೇ ಮಾತಾಡಿಕೊಂಡಿರಲಿಲ್ಲ, ಅದು ತಪ್ಪು.

ಹಾಗಾಗಿ ಮಕ್ಕಳಿಗೆ ಹತ್ತಿರದಲ್ಲೇ ಏನಾದರೂ ಇರುವ ಜಾಗ ನೋಡಿ. ಮಿರಾಮಾರ್ ಹತ್ತಿರ ಗೋವಾ ಸೈನ್ಸ್ ಸೆಂಟರ್ ಇದೆ, ತಾರಾಲಯವೂ ಇದೆ, ನಿಮ್ಮ 9 ವರ್ಷದವಳಿಗೆ ಅರ್ಧ ದಿನ ಹೋಗುವುದೇ ಗೊತ್ತಾಗುವುದಿಲ್ಲ. ಇನ್ನೊಂದು, ರಿಬಂದರಿನಿಂದ ಚೋರಾವ್ ದ್ವೀಪಕ್ಕೆ ಬಾರ್ಜ್ ಹೋಗುತ್ತದೆ, ಕಾರು ಸಮೇತ ಹತ್ತಿಸುತ್ತಾರೆ. ದಾಟಿದ ಕೂಡಲೇ ಸಲೀಂ ಅಲಿ ಪಕ್ಷಿಧಾಮ. ನಮ್ಮ ಮಗನಿಗೆ ಹಕ್ಕಿಗಿಂತ ಬಾರ್ಜೇ ಇಷ್ಟವಾಯಿತು, ಎರಡು ಸಲ ದಾಟಿಸಬೇಕಾಯಿತು.

ಓಡುವವರಿಗೆ ಒಂದು ಕೋಣೆ ಬಿಟ್ಟುಕೊಡಿ. ಶನಿವಾರ ರಾತ್ರಿ 8ಕ್ಕೆ ಬಾಗಿಲು ಹಾಕಿ ಮಲಗಲಿ. ನಿದ್ದೆ ಬರದಿದ್ದರೂ ಪರವಾಗಿಲ್ಲ, ಸುಮ್ನೆ ಬಿದ್ದುಕೊಂಡರೂ ಸಾಕು.

ಕಾರ್‌ಸ್ಟ್ರೀಟ್ ಮಾಮ್

ಮಂಗೇಶಿ ಅಂದಿರಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ಪಣಜಿಯಿಂದ ಸುಮಾರು 22 ಕಿ.ಮೀ., ಫೋಂಡಾ ದಾರಿಯಲ್ಲಿ. ಅಲ್ಲೇ ಹತ್ತಿರ ಮಾರ್ದೋಳದಲ್ಲಿ ಮಹಾಲಸಾ, ಮುಂದೆ ಕವಳೆಯಲ್ಲಿ ಶಾಂತಾದುರ್ಗಾ, ಬಾಂದೋಡೆಯಲ್ಲಿ ನಾಗೇಶಿ. ಎಲ್ಲ ಒಂದೇ ದಿನದಲ್ಲಿ ಆಗುತ್ತದೆ. ಈ ದೇವಸ್ಥಾನಗಳಲ್ಲಿ ಅಗ್ರಶಾಲೆ ಅಂತ ಇರುತ್ತದೆ, ಕುಳಾವಿಗಳು, ಅಂದರೆ ಅದೇ ಕುಲದೇವರ ಮನೆತನದವರು, ಉಳಿಯುವ ಕೋಣೆಗಳು. ಸಾದಾ ಕೋಣೆ, ಶುದ್ಧ ಸಸ್ಯಾಹಾರ, ಮೊದಲೇ ಫೋನ್ ಮಾಡಿ ಕೇಳಿಕೊಳ್ಳಬೇಕು. ಬೆಳಿಗ್ಗೆ ಎದ್ದರೆ ಘಂಟೆಯ ಸದ್ದು, ಎದುರಿಗೇ ದೀಪಸ್ತಂಭ. ನಿಮ್ಮ ಅತ್ತೆಗೆ ಯಾವ ರೆಸಾರ್ಟೂ ಅದರ ಮುಂದೆ ನಿಲ್ಲುವುದಿಲ್ಲ.

ರೇಸಿನ ರಾತ್ರಿ ಅಲ್ಲಿ ಉಳಿಯಬೇಡಿ, ದೂರ. ರೇಸ್ ಆದ ಮೇಲೆ, ಸೋಮವಾರ ಒಂದು ರಾತ್ರಿ. ನಿಮ್ಮ ಕಾಲಿಗೂ ಒಳ್ಳೆಯದು. ದೇವರಿಗೂ ಒಂದು ದಿನ ಕೊಟ್ಟ ಹಾಗಾಯಿತು.

ಕಾಪು ಲೈಟ್‌ಹೌಸ್

ಮಾಮ್, ನಿಮ್ಮ ಮಾತಿಗೆ ಎದುರು ಹೇಳುತ್ತಿಲ್ಲ, ಆದರೆ ಎರಡು ಕಡೆ ಉಳಿಯುವುದು ನನಗೆ ಸರಿ ಕಾಣುವುದಿಲ್ಲ. ಐದು ಜನ, ಎರಡು ಮಕ್ಕಳು, ಒಂದು ಸೈಕಲ್. ಒಂದು ಸಲ ಬಿಚ್ಚಿದ ಚೀಲ ಮತ್ತೆ ಕಟ್ಟುವುದು ಯಾರು? ರೇಸಿನ ಮರುದಿನ ಓಡಿದವರಿಗೆ ಮೆಟ್ಟಿಲು ಇಳಿಯಲೂ ಆಗುವುದಿಲ್ಲ, ಎಲ್ಲ ಹೆಂಡತಿಯ ತಲೆಗೆ ಬರುತ್ತದೆ. ಒಂದೇ ಮನೆಯಲ್ಲಿ ನಾಲ್ಕು ರಾತ್ರಿ ಇದ್ದು ಮಂಗೇಶಿಗೆ ಹೋಗಿ ಬಂದರೆ ಆಗದಾ? 22 ಕಿ.ಮೀ. ಅಷ್ಟೇ ತಾನೇ.

ಕಾರ್‌ಸ್ಟ್ರೀಟ್ ಮಾಮ್

ಆಗುತ್ತದೆ. ಆದರೆ ಬೆಳಗಿನ ಪೂಜೆಗೆ ಅಲ್ಲೇ ಇರುವುದು ಬೇರೆ. ವಯಸ್ಸಾದವರನ್ನು ಕೇಳಿ ನೋಡಿ.

ಸುರತ್ಕಲ್ ಅಣ್ಣ

ಕದ್ರಿ ಅಕ್ಕ ಬರೆದದ್ದು ಓದಿ ನನ್ನ ಮಾತು ಸ್ವಲ್ಪ ತಿದ್ದಿಕೊಳ್ಳುತ್ತೇನೆ. ನಾನು ಒಬ್ಬನೇ ಹೋದವನು, ಒಬ್ಬನ ಲೆಕ್ಕದಲ್ಲೇ ಹೇಳಿದ್ದೆ. ಫ್ಲ್ಯಾಟ್ ಒಳ್ಳೆಯದು. ಆದರೆ ಬುಕ್ ಮಾಡುವ ಮೊದಲು ಮಾಲೀಕರಿಗೆ ಫೋನ್ ಮಾಡಿ ಮಾತಾಡಿ, ಮೆಸೇಜ್ ಸಾಲದು.

ಸೈಕಲ್ ಒಳಗೆ ಬಿಡುತ್ತೀರಾ ಅಂತ ನೇರ ಕೇಳಿ. ನನ್ನ ಗೆಳೆಯನಿಗೆ ಒಂದು ಕಡೆ ಕೆಳಗೆ ಸ್ಕೂಟರ್‌ಗಳ ಜೊತೆ ಕಟ್ಟಿಡಿ ಅಂದರು, ಅವನು ರಾತ್ರಿ ಮೂರು ಸಲ ಇಳಿದು ನೋಡಿ ಬಂದ. ಯಾವ ಮಹಡಿ, ಲಿಫ್ಟ್ ಇದೆಯಾ, ಸೈಕಲ್ ನಿಲ್ಲಿಸಿದರೆ ಲಿಫ್ಟಿನ ಬಾಗಿಲು ಮುಚ್ಚುತ್ತದಾ, ಕೇಳಿ. ಕೆಳಗೆ ನಲ್ಲಿ ಮತ್ತು ಪೈಪ್ ಇದ್ದರೆ ಬಹಳ ಉಪಕಾರ. ಕಡಲ ಗಾಳಿಗೆ ಚೈನ್ ಏನಾಗುತ್ತದೆ ಅಂತ ನಮ್ಮೂರಿನವರಿಗೆ ಹೇಳಬೇಕಾಗಿಲ್ಲ, ತೊಳೆದು ಒರೆಸಿ ಎಣ್ಣೆ ಬಿಟ್ಟೇ ಕಾರಿಗೆ ಹಾಕಿ.

ಹತ್ತಿರದಲ್ಲಿ ಮದುವೆ ಹಾಲ್ ಇದೆಯಾ ಅಂತಲೂ ಕೇಳಿ. ಮದುವೆ ಇದ್ದರೆ ರಾತ್ರಿ ಸದ್ದು.

ಗಾಳಿ ಹೊಡೆಯುವ ಪಂಪ್ ಕೋಣೆಯಲ್ಲಿ ತೆಗೆಯಬೇಡಿ. ಬೆಳಿಗ್ಗೆ ಅಲ್ಲೇ ಸೈಕಲ್ ಹತ್ತಿರ ಹೊಡೆದರಾಯಿತು. ಪಂಪ್ ಇಲ್ಲದಿದ್ದರೂ ಪಕ್ಕದವರು ಕೊಡುತ್ತಾರೆ.

ಹಂಪನಕಟ್ಟೆ

ಪೂರ್ತಿ ಬೇರೆ ಮಾತು ಹೇಳಲಾ? ರೇಸಿಗೆ ಒಬ್ಬರೇ ಹೋಗಿ ಬನ್ನಿ. ಮನೆಯವರ ಜೊತೆ ಡಿಸೆಂಬರಿನಲ್ಲಿ ಬೇರೆ ಪ್ರವಾಸ ಮಾಡಿ. ಎರಡನ್ನೂ ಸೇರಿಸಿದರೆ ಎರಡೂ ಅರ್ಧ ಅರ್ಧ ಆಗುತ್ತದೆ. ನಾನು ಹಾಗೇ ಮಾಡಿದೆ, ವಂದೇ ಭಾರತ್‌ನಲ್ಲಿ ಬೆಳಿಗ್ಗೆ ಹತ್ತಿ ಮಧ್ಯಾಹ್ನಕ್ಕೆ ಮಡಗಾಂವ್. ಸೈಕಲ್ ಗೆಳೆಯರ ಕಾರಿನಲ್ಲಿ ಮೊದಲೇ ಹೋಗಿತ್ತು.

ಕದ್ರಿಯಿಂದ

ಹಂಪನಕಟ್ಟೆಯವರೇ, ರಜೆ ಎರಡು ಸಲ ಸಿಗುವವರಿಗೆ ಅದು ಸರಿ. ಬ್ಯಾಂಕಿನಲ್ಲಿರುವ ಹೆಂಗಸಿಗೆ ಡಿಸೆಂಬರಿನಲ್ಲಿ ಯಾರು ರಜೆ ಕೊಡುತ್ತಾರೆ? ಮತ್ತೆ, ನಾವು ಬರುವುದು ಬರೀ ಜಾಗ ನೋಡಲು ಅಲ್ಲ. ಏಳು ತಿಂಗಳು ಬೆಳಿಗ್ಗೆ 4ಕ್ಕೆ ಬಾಗಿಲು ತೆಗೆದ ಸದ್ದು ಕೇಳಿ ಮಗ್ಗುಲಾದವರು ನಾವು. ಆ ಕೊನೆಯ ಗೆರೆ ದಾಟುವಾಗ ನಮಗೂ ಅಲ್ಲಿ ಇರಬೇಕು ಅನ್ನಿಸುತ್ತದೆ.

ಹಂಪನಕಟ್ಟೆ

ಒಪ್ಪಿದೆ ಅಕ್ಕ. ನನ್ನ ಹೆಂಡತಿಯನ್ನು ಆಗ ನಾನು ಬರುತ್ತೀಯಾ ಅಂತ ಕೇಳಲೇ ಇಲ್ಲ. ಇವತ್ತು ಕೇಳುತ್ತೇನೆ.

ಎಮ್ಮೆಕೆರೆ ಲೇನ್ 4

ಒಂದು ಮರೆತೆ. ದುಡ್ಡು ವಾಪಸ್ ಬರುವ ಬುಕಿಂಗ್ ಮಾಡಿ, ಸ್ವಲ್ಪ ಜಾಸ್ತಿ ಆದರೂ. 2020ರಲ್ಲಿ, 2021ರಲ್ಲಿ ರೇಸೇ ನಡೆಯಲಿಲ್ಲ, ಅದು ಕೋವಿಡ್ ಕಾಲ. ಅದಿಲ್ಲದಿದ್ದರೂ ಒಂದು ಜ್ವರ, ಒಂದು ಮೊಣಕಾಲು ನೋವು ಸಾಕು ಕೊನೆಯ ವಾರದಲ್ಲಿ ಎಲ್ಲ ನಿಲ್ಲಿಸಲು. ಅಥವಾ ಇನ್ನೂ ಒಳ್ಳೆಯದು, ರೇಸ್ ಇಲ್ಲದಿದ್ದರೂ ಮನೆಯವರು ಖುಷಿಯಿಂದ ಇರಬಹುದಾದ ಜಾಗ ಹುಡುಕಿ. ಹಾಗೆ ಹುಡುಕಿದರೆ ತಪ್ಪುವುದಿಲ್ಲ.

ಇಂದ್ರಾಳಿ ಸೈಕಲ್

ಎಲ್ಲರಿಗೂ ತುಂಬಾ ಧನ್ಯವಾದ. ನಿನ್ನೆ ರಾತ್ರಿ ಮಕ್ಕಳು ಮಲಗಿದ ಮೇಲೆ ಫೋನನ್ನು ಹೆಂಡತಿಯ ಕೈಗೆ ಕೊಟ್ಟೆ, ನೀನೇ ನೋಡು ಅಂದೆ. ನಾನು ನೋಡಿಟ್ಟ ಮೂರನ್ನೂ ಅವಳು ಬಿಟ್ಟಳು. ಫ್ಲ್ಯಾಟಿನಲ್ಲಿ ಬಾತ್‌ರೂಮ್ ಒಂದೇ, ಬೆಳಿಗ್ಗೆ ನೀವು ಹೋಗುವವರೆಗೆ ಅಮ್ಮನಿಗೆ ಕಷ್ಟ ಅಂದಳು. ನಾನು ಫೋಟೋ ಹತ್ತು ಸಲ ನೋಡಿದ್ದೆ, ಅದು ಕಣ್ಣಿಗೇ ಬಿದ್ದಿರಲಿಲ್ಲ.

ಕಾಂಪಾಲ್ ಕಡೆ ಬೇರೆ ಒಂದು ಮನೆ ಹುಡುಕಿದಳು. ನೆಲಮಹಡಿ, ಎರಡು ಕೋಣೆ, ಎರಡು ಬಾತ್‌ರೂಮ್, ಅಡುಗೆಮನೆ, ಹಿಂದೆ ಚಿಕ್ಕ ಅಂಗಳ, ಅಂಗಳದಲ್ಲಿ ನಲ್ಲಿ. ಮಿರಾಮಾರ್‌ಗೆ ನಡೆದು ಹೋಗಬಹುದು. ಮಾಲೀಕರಿಗೆ ಅವಳೇ ಫೋನ್ ಮಾಡಿದಳು, ಕೊಂಕಣಿಯಲ್ಲಿ. ಸೈಕಲ್ ಒಳಗೆ ಇಡಿ, ಅಡ್ಡಿಯಿಲ್ಲ ಅಂದರಂತೆ. ಕಾರನ್ನು ಶನಿವಾರ ರಾತ್ರಿಯೇ ಹಿಂದಿನ ಓಣಿಯಲ್ಲಿ ನಿಲ್ಲಿಸಲು ಅವರೇ ಹೇಳಿದರು, ಆ ಕಡೆ ರಸ್ತೆ ಬಂದ್ ಇರುವುದಿಲ್ಲವಂತೆ. ಶುಕ್ರವಾರದಿಂದ ಸೋಮವಾರ ಬೆಳಿಗ್ಗೆವರೆಗೆ ಮೂರು ರಾತ್ರಿ.

ಸೋಮವಾರ ರಾತ್ರಿ ಮಂಗೇಶಿ. ಕಾಪು ಅಣ್ಣ, ನೀವು ಹೇಳಿದ್ದು ಯೋಚನೆ ಮಾಡಿದೆವು, ಚೀಲ ಎರಡು ಸಲ ಕಟ್ಟುವುದು ನಿಜಕ್ಕೂ ಕಷ್ಟವೇ. ಅದಕ್ಕೆ ಅಲ್ಲಿಗೆ ಅಂತ ಒಂದೇ ಚಿಕ್ಕ ಚೀಲ ಬೇರೆ ಕಟ್ಟುತ್ತೇವೆ, ಉಳಿದದ್ದು ಕಾರಿನ ಡಿಕ್ಕಿಯಲ್ಲೇ ಇರಲಿ. ಅಗ್ರಶಾಲೆಗೆ ಫೋನ್ ಮಾಡಿದ್ದು ಅತ್ತೆ. ಕೋಣೆ ಸಿಕ್ಕಿತು ಅಂತ ಹೇಳಲು ಅಡುಗೆಮನೆಯಿಂದ ಓಡಿಬಂದರು, ಕೈಯಲ್ಲಿ ಇನ್ನೂ ಸೌಟು.

ಈಗ ಉಳಿದಿರುವುದು ಒಂದೇ. ಐದು ಜನ ಮತ್ತು ಚೀಲ ತುಂಬಿದರೆ ಸೈಕಲ್ ಒಳಗೆ ಹಿಡಿಯುವುದಿಲ್ಲ. ಹಿಂದೆ ಕಟ್ಟುವ ಸ್ಟ್ಯಾಂಡ್ ಯಾರ ಹತ್ತಿರವಾದರೂ ಇದೆಯಾ, ಐದು ದಿನಕ್ಕೆ?

ಕದ್ರಿಯಿಂದ

ನಮ್ಮಲ್ಲಿ ಇದೆ. ಪಟ್ಟಿ ಹಳೆಯದು, ಹೊಸ ಪಟ್ಟಿ ಹಾಕಿಸಿ ಕೊಡುತ್ತೇವೆ. ಬರುವ ಶನಿವಾರ ಮಂಗಳೂರಿಗೆ ಬನ್ನಿ, ಮನೆಯವರನ್ನೂ ಕರೆದುಕೊಂಡು ಬನ್ನಿ, ಊಟ ಇಲ್ಲೇ. ನಿಮ್ಮ ಹೆಂಡತಿಗೆ ಓಟದ ದಾರಿಯಲ್ಲಿ ಯಾವ ಮರದ ಕೆಳಗೆ ಕುಳಿತುಕೊಳ್ಳಬೇಕು ಅಂತ ಫೋಟೋ ತೋರಿಸುತ್ತೇನೆ.